ಮೂರು ದಿನ ರಜೆ, ಅಮ್ಮನ ಜೊತೆ ಹುಬ್ಬಳ್ಳಿ-ಧಾರವಾಡ: ಏನು ನೋಡೋಣ, ಏನು ತಿನ್ನೋಣ?

ಮೈಸೂರಿನ ಮಗಳು:
ಎಲ್ಲರಿಗೂ ನಮಸ್ಕಾರ. ಈ ಸಲ ಸ್ವಾತಂತ್ರ್ಯ ದಿನ ಶುಕ್ರವಾರ ಬಂದಿದೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ಸಿಗುತ್ತದೆ. ಅಮ್ಮನಿಗೆ 68 ವರ್ಷ. ಹೈಸ್ಕೂಲಿನಲ್ಲಿ 30 ವರ್ಷ ಕನ್ನಡ ಪಾಠ ಮಾಡಿದವರು. ಬೇಂದ್ರೆಯವರ ಪದ್ಯ ಎಷ್ಟು ತಂಡ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಾರೋ ಲೆಕ್ಕವಿಲ್ಲ, ಆದರೆ ಧಾರವಾಡವನ್ನು ಒಂದು ಸಲವೂ ಕಂಡಿಲ್ಲ. ಈ ಸಲ ಹೋಗಿಬಿಡೋಣ ಅಂತ ತೀರ್ಮಾನ ಮಾಡಿದ್ದೇವೆ. ಜೊತೆಗೆ ನನ್ನ ಮಗ ಇರುತ್ತಾನೆ, 9 ವರ್ಷ, ರೈಲು ಅಂದರೆ ಊಟ ಬಿಡುತ್ತಾನೆ. ಗುರುವಾರ ರಾತ್ರಿ ರೈಲಿಗೆ ಹೊರಟು ಭಾನುವಾರ ರಾತ್ರಿ ವಾಪಸ್. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತೋಕಾಗಲ್ಲ. ಏನು ನೋಡಬೇಕು, ಎಲ್ಲಿ ಏನು ತಿನ್ನಬೇಕು, ಅಲ್ಲಿಯವರೇ ಹೇಳಿ.

ಬಾಗಲಕೋಟೆ ರಸ್ತೆ:
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹುಬ್ಬಳ್ಳಿಯಲ್ಲಿ ಮೂರು ದಿನ ನೋಡೋಕೆ ಏನಿದೆ? ಬೆಳಿಗ್ಗೆ ಇಳಿದು ಕಾರು ಮಾಡಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಿ, ಮರುದಿನ ಹಂಪಿ ನೋಡಿ. ವಾಪಸ್ ಬರುವಾಗ ಸ್ಟೇಷನ್ನಿನಲ್ಲಿ ಪೇಡೆ ತಗೊಳ್ಳಿ. ಅಷ್ಟು ಸಾಕು.

ಹಳೇ ಹುಬ್ಬಳ್ಳಿ:
ಬಾದಾಮಿ, ಹಂಪಿ ಎರಡೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾದಾಮಿ ಇಲ್ಲಿಂದ 100 ಕಿಲೋಮೀಟರಿಗೂ ಜಾಸ್ತಿ, ಹಂಪಿ ಅದಕ್ಕಿಂತ ದೂರ. ಮಂಡಿ ನೋವಿರುವ ಹಿರಿಯರನ್ನು ಮೂರು ದಿನ ಕಾರಿನಲ್ಲೇ ಕೂರಿಸಿ, ಬಾದಾಮಿ ಗುಹೆಯ ಮೆಟ್ಟಿಲು ಹತ್ತಿಸುತ್ತೀರಾ? ಅವರು ಬರುತ್ತಿರುವುದು ಬೇಂದ್ರೆ ಅಜ್ಜನ ಊರು ನೋಡೋಕೆ. ಹುಬ್ಬಳ್ಳಿ ಅಂದರೆ ರೈಲು ಬದಲಿಸುವ ಊರು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ, ಗೋವಾಕ್ಕೋ ಹಂಪಿಗೋ ಹೋಗುವಾಗ ಇಲ್ಲಿ ಒಂದು ಚಹಾ ಕುಡಿದು ಹೋಗಿಬಿಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ನಿಜವಾಗಲೂ ನೋವಾಗುತ್ತದೆ.

ಅಕ್ಕಾ, ನೀವು ಇಲ್ಲೇ ಇರಿ. ಒಂದೇ ಒಂದು ಸೂತ್ರ ಇಟ್ಟುಕೊಳ್ಳಿ: ಬೆಳಗು ಧಾರವಾಡದ್ದು, ಸಂಜೆ ಹುಬ್ಬಳ್ಳಿಯದ್ದು. ಧಾರವಾಡ ಬೆಳಿಗ್ಗೆ ತಂಪಾಗಿ, ಹಸಿರಾಗಿ, ಸದ್ದಿಲ್ಲದೆ ಇರುತ್ತದೆ. ಹುಬ್ಬಳ್ಳಿ ವ್ಯಾಪಾರದ ಊರು, ಅದಕ್ಕೆ ಕಳೆ ಬರುವುದು ದೀಪ ಹಚ್ಚಿದ ಮೇಲೆ. ಇದನ್ನು ತಿರುಗುಮುರುಗು ಮಾಡಿಕೊಂಡವರೇ ಆಮೇಲೆ ಏನೂ ಇಲ್ಲ ಅಂತ ಹೇಳುವುದು.

ಚಿಗರಿ ಪ್ರಯಾಣಿಕ:
ಎರಡು ಊರಿನ ನಡುವೆ ಸುಮಾರು 20 ಕಿಲೋಮೀಟರ್. ಕಾರು ಬೇಡ, ಚಿಗರಿ ಬಸ್ಸು ಹತ್ತಿ. 2018ರ ಅಕ್ಟೋಬರಿನಿಂದ ಓಡುತ್ತಿದೆ. ರಸ್ತೆ ನಡುವೆ ಅದಕ್ಕೇ ಬೇರೆ ದಾರಿ ಇದೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಎ.ಸಿ. ಬಸ್ಸು. ನಿಲ್ದಾಣದ ಕಟ್ಟೆ ಬಸ್ಸಿನ ಬಾಗಿಲಿನ ಮಟ್ಟಕ್ಕೇ ಇರುತ್ತದೆ, ಮಂಡಿ ನೋವಿನವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ, ಸುಮ್ನೆ ಹೆಜ್ಜೆ ಇಟ್ಟರೆ ಒಳಗೆ. ಟಿಕೆಟ್ಟು ಹತ್ತುವ ಮೊದಲೇ ನಿಲ್ದಾಣದಲ್ಲಿ ತಗೊಳ್ಳಬೇಕು. ನಾನು ದಿನಾ ಓಡಾಡುತ್ತೇನೆ, ನವಲೂರು ದಾಟುತ್ತಿದ್ದ ಹಾಗೆ ಗಾಳಿ ಬದಲಾಗುವುದು ಗೊತ್ತಾಗುತ್ತದೆ. ನವಲೂರು ಪೇರಲ ಹಣ್ಣಿಗೆ ಹೆಸರಾದ ಊರು. ಸಿಕ್ಕರೆ ಬಿಡಬೇಡಿ.

ಸಾಧನಕೇರಿ ಕಡೆಯವಳು:
ಟೀಚರ್ ಬರುತ್ತಿದ್ದಾರೆ ಅಂತ ಓದಿ ಖುಷಿಯಾಯಿತು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತೇವೆ, ಹಾಗೇ ಕರೆಯುತ್ತೇನೆ. ಆಗಸ್ಟಿನಲ್ಲಿ ಧಾರವಾಡದಲ್ಲಿ ಜಿಟಿಜಿಟಿ ಮಳೆ ಇರುತ್ತದೆ. ಜೋರು ಮಳೆ ಅಲ್ಲ, ಆದರೆ ನಿಲ್ಲುವುದೂ ಇಲ್ಲ. ಕೊಡೆ ತನ್ನಿ, ಒಂದು ತೆಳ್ಳನೆ ಸ್ವೆಟರ್ ತನ್ನಿ.

ಶನಿವಾರ ಬೆಳಿಗ್ಗೆ ಮೊದಲು ಸಾಧನಕೇರಿಗೇ ಬನ್ನಿ. ಶುಕ್ರವಾರ ಬೇಡ, ಸರ್ಕಾರಿ ರಜೆ ದಿನ ಇಂಥ ಜಾಗಗಳಿಗೆ ಬೀಗ ಹಾಕಿರಬಹುದು. ಕೆರೆ, ಕೆರೆಯ ಪಕ್ಕದಲ್ಲಿ ಉದ್ಯಾನ, ಎದುರಿಗೆ ಬೇಂದ್ರೆಯವರ ಮನೆ, ಪಕ್ಕದಲ್ಲೇ ಬೇಂದ್ರೆ ಭವನ. 1896ರಲ್ಲಿ ಇದೇ ಊರಲ್ಲಿ ಹುಟ್ಟಿ, 1973ರಲ್ಲಿ ಜ್ಞಾನಪೀಠ ಬಂದಾಗಲೂ ಇಲ್ಲೇ ಇದ್ದವರು. ಅವರ ಪದ್ಯದ ಶ್ರಾವಣ ಯಾವುದು ಅಂತ ಅಕ್ಕೋರಿಗೆ ನಾವು ಹೇಳಬೇಕಾಗಿಲ್ಲ. ನೀವು ಬರುತ್ತಿರುವುದು ಶ್ರಾವಣದಲ್ಲೇ, ನೋಡಿ! ಮೋಡ ಕೆರೆ ಮೇಲೆ ಇಳಿದಿರುತ್ತದೆ. ಅಲ್ಲಿ ಒಂದು ಗಂಟೆ ಸುಮ್ಮನೆ ಕೂರಲು ಬಿಡಿ. ಮುಂದಿನ ಜಾಗಕ್ಕೆ ಹೊತ್ತಾಯಿತು ಅಂತ ಎಬ್ಬಿಸಬೇಡಿ.

ಆಮೇಲೆ ಕರ್ನಾಟಕ ವಿದ್ಯಾವರ್ಧಕ ಸಂಘ. 1890ರಲ್ಲಿ ಶುರುವಾದದ್ದು, ರಾ.ಹ. ದೇಶಪಾಂಡೆಯವರು ಕಟ್ಟಿದ್ದು. ಆಗ ಇಲ್ಲೆಲ್ಲ ಮುಂಬಯಿ ಸರ್ಕಾರ, ಕಚೇರಿಯಲ್ಲಿ ಮರಾಠಿಯದ್ದೇ ಜೋರು. ಕನ್ನಡ ಶಾಲೆ, ಕನ್ನಡ ಪುಸ್ತಕ ಬೇಕು ಅಂತ ಹಟ ಹಿಡಿದು ಕೂತವರು ಇವರು. ಕನ್ನಡ ಮೇಷ್ಟ್ರು ಆದವರು ಆ ಹೊಸ್ತಿಲು ಒಮ್ಮೆ ದಾಟಬೇಕು. ಸಂಗೀತದ ಹುಚ್ಚಿದ್ದರೆ ಮಲ್ಲಿಕಾರ್ಜುನ ಮನ್ಸೂರರ ಮನೆ "ಮೃತ್ಯುಂಜಯ" ಇದೆ, ಈಗ ಸ್ಮಾರಕ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಮನೆ "ಗಂಗಾ ಲಹರಿ"ಯೂ ಹಾಗೇ. ಎರಡೂ ದೊಡ್ಡ ಬಂಗಲೆ ಏನಲ್ಲ. ಅಂಥ ದನಿ ಇಂಥ ಮನೆಯಲ್ಲಿತ್ತಾ ಅನ್ನಿಸುತ್ತದೆ.

ಮೈಸೂರಿನ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, "ಅಕ್ಕೋರು" ಅಂತ ಕೇಳಿ ಎರಡು ಸಲ ಓದಿಸಿಕೊಂಡರು. ಬಾದಾಮಿ ಮುಂದಿನ ಸಲ, ಖಂಡಿತ. ಈಗ ಊಟದ ವಿಷಯ ಹೇಳಿ. ಅಮ್ಮ ಸಸ್ಯಾಹಾರಿ, ಖಾರ ಸ್ವಲ್ಪ ಕಡಿಮೆ. ನಾನು, ಮಗ ಎಲ್ಲ ತಿನ್ನುತ್ತೇವೆ. ಜೋಳದ ರೊಟ್ಟಿ ಮೈಸೂರಿನಲ್ಲೂ ಸಿಗುತ್ತದೆ, ಆದರೆ ಏನೋ ಸರಿ ಇರುವುದಿಲ್ಲ.

ರೊಟ್ಟಿ ಬಡಿಯುವವಳು:
ಸರಿ ಇರುವುದಿಲ್ಲ ಯಾಕೆ ಅಂದರೆ ಹಿಟ್ಟು ಹಳೆಯದಾಗಿರುತ್ತದೆ ಅಕ್ಕಾ. ಜೋಳದ ಹಿಟ್ಟು ಬೀಸಿ ಹೆಚ್ಚು ದಿನ ಆದರೆ ಜಿಗುಟು ಹೋಗುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ, ಸ್ವಲ್ಪ ಕಹಿಯೂ ಬರುತ್ತದೆ. ಇಲ್ಲಿ ವಾರ ವಾರ ಗಿರಣಿಗೆ ಹಾಕಿಸುತ್ತೇವೆ. ಕುದಿ ನೀರು ಹಾಕಿ ಕಲಸಿ, ಚೆನ್ನಾಗಿ ನಾದಿ, ಕೈಯಲ್ಲಿ ಬಡಿದು, ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ನೀರು ಸವರಬೇಕು. ಆ ನೀರು ಆರುತ್ತಿದ್ದ ಹಾಗೆ ತಿರುವಿ ಹಾಕಬೇಕು, ತಡ ಮಾಡಿದರೆ ಉಬ್ಬುವುದಿಲ್ಲ. ಆ ಬಿಸಿ ರೊಟ್ಟಿ ತಟ್ಟೆಗೆ ಬಂದ ತಕ್ಷಣ ತಿನ್ನಬೇಕು. ಕಟಕ್ ರೊಟ್ಟಿ ಬೇರೆ, ಒಣಗಿಸಿದ್ದು, ತಿಂಗಳುಗಟ್ಟಲೆ ಇರುತ್ತದೆ. ಊರಿಗೆ ಒಯ್ಯೋಕೆ ಅದನ್ನು ತಗೊಳ್ಳಿ.

ಖಾನಾವಳಿ ಹುಡುಕುವಾಗ ಬೋರ್ಡು ನೋಡಬೇಡಿ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದಾ ಅಂತ ಕೇಳಿ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ ಕೂತುಬಿಡಿ, ಎರಡೂವರೆಗೆ ಹೋದರೆ ಪಲ್ಯ ತಳ ಹಿಡಿದಿರುತ್ತದೆ. ಎಣ್ಣೆಗಾಯಿ ಬದನೆ, ಯಾವುದಾದರೂ ಕಾಳು ಪಲ್ಯ, ಝುಣಕ, ಪುಂಡಿ ಪಲ್ಯ ಸಿಕ್ಕರೆ ಅದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಜೊತೆಗೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಅಕ್ಕೋರಿಗೆ ಖಾರ ಆದರೆ ಚಟ್ನಿ ಪುಡಿಗೆ ಮೊಸರು ಕಲಸಿ ಕೊಡಿ, ಆಯಿತು. ಕೆಂಪು ಮೆಣಸಿನಕಾಯಿ ಅರೆದ ರಂಜಕ ಮಾತ್ರ ದೂರ ಇಡಿ. ಬರುವ ಹೊತ್ತಿಗೆ ನಾಗರ ಪಂಚಮಿ ಮುಗಿದಿರುತ್ತದೆ, ಆದರೂ ಯಾರದಾದರೂ ಮನೆಗೆ ಹೋದರೆ ಡಬ್ಬಿಯಲ್ಲಿ ಉಂಡಿ ಇದ್ದೇ ಇರುತ್ತದೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು.

ದುರ್ಗದಬೈಲಿನ ಸಂಜೆ:
ಊಟ ಆಯಿತು, ಈಗ ಸಂಜೆಗೆ ಬನ್ನಿ. ದುರ್ಗದಬೈಲಿಗೆ ಬಾರದೆ ಹುಬ್ಬಳ್ಳಿ ನೋಡಿದೆ ಅನ್ನಬೇಡಿ. ಏಳು ಗಂಟೆ ಹೊತ್ತಿಗೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಗಿರ್ಮಿಟ್ ತಿನ್ನಿ. ಬೆಂಗಳೂರಿನವರು ಭೇಲ್ ಪುರಿ ಹಾಗೆ ಅಂತಾರೆ, ಅಲ್ಲವೇ ಅಲ್ಲ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ, ಹುಣಸೆ ರಸ, ಬೆಲ್ಲ ಹಾಕಿ ಕುದಿಸಿದ ಗೊಜ್ಜು ಮೊದಲೇ ರೆಡಿ ಇರುತ್ತದೆ. ಚುರುಮುರಿಗೆ ಅದನ್ನು ಹಾಕಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಎರಡೇ ಎರಡು ಸಲ ಕೈಯಾಡಿಸುತ್ತಾರೆ. ಪುಟಾಣಿ ಹಿಟ್ಟು ಗೊಜ್ಜಿನ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಚುರುಮುರಿ ಕಲಸಿದ ಕೂಡಲೇ ಮೆತ್ತಗಾಗುವುದಿಲ್ಲ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪಕ್ಕದಲ್ಲಿ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಫೋಟೋ ತೆಗೆಯುತ್ತಾ ನಿಂತರೆ ಮುಗೀತು, ಐದು ನಿಮಿಷದಲ್ಲಿ ಮೆತ್ತಗೆ. ನಿಂತಲ್ಲೇ ತಿನ್ನಿ.

ಅಲ್ಲೇ ಹತ್ತಿರ ಜವಳಿ ಸಾಲ ಅನ್ನುವ ಬಟ್ಟೆ ಅಂಗಡಿಗಳ ಬೀದಿ ಇದೆ, ಇಳಕಲ್ ಸೀರೆ ನೋಡಿ. ಕಸೂತಿ ಹಾಕಿದ್ದು ಬೇಕಿದ್ದರೆ ತಿರುಗಿಸಿ ನೋಡಿ ತಗೊಳ್ಳಿ ಅಕ್ಕಾ. ಕೈಯಿಂದ ಹಾಕಿದ ಗವಂತಿ, ಮುರ್ಗಿ ಹೊಲಿಗೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಮಷೀನಿನದ್ದು ಹಿಂದೆ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಎಸ್‌ಎಸ್‌ಕೆ ಮನೆ ಹುಡುಗ:
ಸಾವಜಿ ಊಟದ ಬಗ್ಗೆ ಯಾರೂ ಬರೆದಿಲ್ಲ! ನಮ್ಮ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರು ಮೂಲದಲ್ಲಿ ರೇಷ್ಮೆ ನೇಕಾರರು, ಮನೆ ಅಡುಗೆಯೇ ಖಾನಾವಳಿಯಾಗಿ ಊರಿಗೆಲ್ಲ ಹೆಸರಾಯಿತು. ಮಟನ್ ಸಾರು ಕೆಂಪಗೆ, ಮೇಲೆ ಎಣ್ಣೆ ತೇಲುತ್ತಿರುತ್ತದೆ. ಖಾರ ಅಂದರೆ ಖಾರ. ಆದರೆ ಅದು ಬರೀ ಮೆಣಸಿನಪುಡಿಯ ಖಾರ ಅಲ್ಲ, ಒಣಕೊಬ್ಬರಿ, ಗಸಗಸೆ, ಮಸಾಲೆ ಹುರಿದು ಅರೆದದ್ದು. ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನಿ. 9 ವರ್ಷದ ಹುಡುಗನಿಗೆ ಮೊದಲು ಖೀಮಾ ಉಂಡಿ ಕೊಟ್ಟು ನೋಡಿ, ಸಾರು ಆಮೇಲೆ. ಒಂದು ಮಾತು: ಶ್ರಾವಣದಲ್ಲಿ ಬಹಳ ಜನ ಮಾಂಸ ಬಿಡುತ್ತಾರೆ, ಕೆಲವು ಖಾನಾವಳಿಗಳಲ್ಲಿ ಅಡುಗೆ ಕಡಿಮೆ ಮಾಡುತ್ತಾರೆ, ಕೇಳಿಕೊಂಡು ಹೋಗಿ.

ಸಾಧನಕೇರಿ ಕಡೆಯವಳು:
ಪೇಡೆ ಬಿಟ್ಟೇ ಹೋಯಿತು. ಲೈನ್ ಬಜಾರಿನ ಠಾಕೂರ್ ಪೇಡೆ. ಉತ್ತರ ಪ್ರದೇಶದ ಉನ್ನಾವದಿಂದ ಪ್ಲೇಗಿನ ಕಾಲದಲ್ಲಿ ಬಂದ ಕುಟುಂಬ, 19ನೇ ಶತಮಾನದಲ್ಲಿ. ಹಾಲು ಬತ್ತಿಸಿ ಖೋವಾ ಮಾಡಿ, ಆ ಖೋವಾವನ್ನು ಸಣ್ಣ ಉರಿಯಲ್ಲಿ ಕಂದು ಬರುವ ತನಕ ಹುರಿಯುವುದೇ ಇದರ ಗುಟ್ಟು, ಆಮೇಲೆ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬೇರೆ ಊರಿನ ಪೇಡೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಇದು ಕಂದು, ತರಿತರಿ. ಧಾರವಾಡ ಪೇಡೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಸಾಲು ಇರುತ್ತದೆ, ನಿಲ್ಲಬೇಕು.

ಚಿಗರಿ ಪ್ರಯಾಣಿಕ:
ನನಗೆ ಮಿಶ್ರಾ ಪೇಡೆಯೇ ಇಷ್ಟ. ಎಲ್ಲ ಕಡೆ ಸಿಗುತ್ತದೆ, ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ರುಚಿಯೂ ಒಂದೇ ಹದ. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಅದೇ ಸರಿ.

ಸಾಧನಕೇರಿ ಕಡೆಯವಳು:
ಒಪ್ಪಲಾರೆ. ಸಾಲಿನಲ್ಲಿ ನಿಂತು, ಕಾಗದದ ಪೊಟ್ಟಣದಲ್ಲಿ ತಗೊಂಡು, ಮೊದಲನೆಯದನ್ನು ಅಂಗಡಿ ಎದುರಿಗೇ ಬಾಯಿಗೆ ಹಾಕಿಕೊಳ್ಳಬೇಕು. ಅಮ್ಮನನ್ನು ನೆರಳಲ್ಲಿ ಕೂರಿಸಿ ನೀವು ನಿಲ್ಲಿ ಅಕ್ಕಾ.

ಹಳೇ ಹುಬ್ಬಳ್ಳಿ:
ಹುಡುಗನಿಗೆ: ಗದಗ ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ಹಳೆಯ ಎಂಜಿನ್ನು, ಸಿಗ್ನಲ್ಲು, ಆಟದ ರೈಲು. ಬೆಳಿಗ್ಗೆ ಬೇಡ, ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ಮತ್ತೆ ನೀವು ಇಳಿಯುವ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲೇ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ. 1507 ಮೀಟರ್. ಮೊದಲು ಗೋರಖಪುರದ್ದು ಉದ್ದ ಇತ್ತು, 1366 ಮೀಟರ್. 2023ರ ಮಾರ್ಚಿನಲ್ಲಿ ನಮ್ಮದು ಉದ್ಘಾಟನೆಯಾಯಿತು.

ಸ್ವಾತಂತ್ರ್ಯ ದಿನಕ್ಕೇ ಬರುತ್ತಿದ್ದೀರಿ, ಹುಬ್ಬಳ್ಳಿಯ ಬೆಂಗೇರಿಗೆ ಹೋಗದಿದ್ದರೆ ತಪ್ಪಾಗುತ್ತದೆ. ಬಿಐಎಸ್ ಗುಣಮಟ್ಟದ ಮುದ್ರೆ ಇರುವ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಇಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. 1957ರಲ್ಲಿ ಶುರುವಾದ ಸಂಸ್ಥೆ. ಹೊಲಿಯುವವರು ಬಹುತೇಕ ಹೆಣ್ಣುಮಕ್ಕಳು. ಅಳತೆ, ಬಣ್ಣ, ಅಶೋಕ ಚಕ್ರದ 24 ಅರ, ಒಂದರಲ್ಲಿ ವ್ಯತ್ಯಾಸ ಬಂದರೂ ಪಕ್ಕಕ್ಕಿಡುತ್ತಾರೆ. ರಜೆ ದಿನ ಕೆಲಸ ನಡೆಯುವುದಿಲ್ಲ, ಶನಿವಾರ ಸಂಜೆ ವಾಪಸ್ ಬರುವಾಗ ವಿಚಾರಿಸಿ.

ಇನ್ನೊಂದು, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಚಾಲುಕ್ಯರ ಕಾಲದ್ದು, ಸುಮಾರು 900 ವರ್ಷ ಹಳೆಯದು. ಮನೆಗಳ ನಡುವೆ ಇದೆ, ಹುಡುಕಿಕೊಂಡು ಹೋಗಬೇಕು. ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಆಮೇಲೆ ಉಣಕಲ್ ಕೆರೆ ದಂಡೆಯಲ್ಲಿ ಕೂತುಕೊಳ್ಳಿ. ನೃಪತುಂಗ ಬೆಟ್ಟ ಅಮ್ಮನಿಗೆ ಬೇಡ.

ಬೆಟಗೇರಿ ಮಗ್ಗ:
ಭಾನುವಾರ ನಮ್ಮ ಕಡೆ ಬನ್ನಿ. ಹುಬ್ಬಳ್ಳಿಯಿಂದ ಗದಗಕ್ಕೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಕನ್ನಡ ಟೀಚರ್ ಅಂದಮೇಲೆ ವೀರನಾರಾಯಣ ಗುಡಿ ಬಿಡೋಕಾಗುತ್ತದಾ? ಕುಮಾರವ್ಯಾಸ ಕೂತು ಭಾರತ ಬರೆದ ಅಂತ ನಾವೆಲ್ಲ ನಂಬುವ ಕಂಬ ಅಲ್ಲಿದೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದನಂತೆ, ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತಂತೆ. ಸಣ್ಣವನಿದ್ದಾಗ ನಮ್ಮಜ್ಜಿ ಆ ಕಂಬ ಮುಟ್ಟಿಸಿಯೇ ನನ್ನನ್ನು ಶಾಲೆಗೆ ಕಳಿಸಿದ್ದು. ತ್ರಿಕೂಟೇಶ್ವರ, ಅದರ ಆವರಣದ ಸರಸ್ವತಿ ಗುಡಿ ಕೂಡ ಊರೊಳಗೇ ಇವೆ. ಸರಸ್ವತಿ ಗುಡಿಯ ಕಂಬಗಳನ್ನು ಹತ್ತಿರ ನಿಂತು ನೋಡಿ, ಬಳೆಗಾರ ಬಳೆ ಜೋಡಿಸಿದ ಹಾಗೆ ಕೆತ್ತಿದ್ದಾರೆ.

ಅಲ್ಲಿಂದ 12 ಕಿಲೋಮೀಟರ್ ಲಕ್ಕುಂಡಿ. 101 ಗುಡಿ, 101 ಬಾವಿ ಅಂತ ಹಿರಿಯರ ಮಾತು. ನೀವು ಮೂರೇ ನೋಡಿ, ನಿಧಾನ ನೋಡಿ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಮತ್ತೆ ಮುಸುಕಿನ ಬಾವಿ. ಬಾವಿಗೆ ಅಮ್ಮ ಇಳಿಯೋದು ಬೇಡ, ಮೇಲೆ ನಿಂತರೂ ಕಾಣುತ್ತದೆ.

ಏಲಕ್ಕಿ ಹಾವೇರಿ:
ಹಾವೇರಿಯನ್ನೂ ಸೇರಿಸಿ ಅಂತ ಹೇಳಲು ಆಸೆ, ಆದರೆ ಈ ಸಲ ಬೇಡ. ಮೂರು ದಿನಕ್ಕೆ ಇಷ್ಟೇ ಸರಿ. ಮುಂದೆ ಬಂದಾಗ ಬಂಕಾಪುರದ ನವಿಲು, ಅಲ್ಲಿನ ಅರವತ್ತು ಕಂಬದ ಗುಡಿ, ಬಾಡದಲ್ಲಿ ಕನಕದಾಸರು ಹುಟ್ಟಿದ ಜಾಗ, ಒಂದು ಏಲಕ್ಕಿ ಮಾಲೆ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಈ ಸಲವೇ ಹುಬ್ಬಳ್ಳಿಯಲ್ಲಿ ಕೊಂಡುಬಿಡಿ. ಸುಕ್ಕು ಜಾಸ್ತಿ ಇರುವುದನ್ನು ಆರಿಸಿ, ಬಣ್ಣ ಬಹಳ, ಖಾರ ಕಡಿಮೆ, ಅಮ್ಮನಿಗೆ ಹಿಡಿಸುತ್ತದೆ.

ಮೈಸೂರಿನ ಮಗಳು:
ನಿನ್ನೆ ಬೆಳಿಗ್ಗೆ ಮನೆ ಸೇರಿದೆವು. ಎಲ್ಲರಿಗೂ ವರದಿ ಒಪ್ಪಿಸಬೇಕು, ಇಲ್ಲದಿದ್ದರೆ ಋಣ ಉಳಿಯುತ್ತದೆ.

ಶುಕ್ರವಾರ ಇಳಿದ ತಕ್ಷಣ ಮಗ ಪ್ಲಾಟ್‌ಫಾರ್ಮ್ ಪೂರ್ತಿ ನಡೆಯಲೇಬೇಕು ಅಂತ ಹಟ ಹಿಡಿದ. ಅಮ್ಮ ಬೆಂಚಿನ ಮೇಲೆ ಚಹಾ ಹಿಡಿದು ಕೂತರು. ಒಂದು ತುದಿಯಿಂದ ಇನ್ನೊಂದು ತುದಿಗೆ 2,480 ಹೆಜ್ಜೆ ಎಣಿಸಿದ, ವಾಪಸ್ ಬಂದಾಗ ಅಮ್ಮನ ಎರಡನೇ ಚಹಾ ಮುಗಿದಿತ್ತು. ಮಧ್ಯಾಹ್ನ ಒಂದು ತಪ್ಪು ಮಾಡಿದೆವು. ಹಸಿವಾಗಿತ್ತು, ಕಣ್ಣಿಗೆ ಬಿದ್ದ ದೊಡ್ಡ ಹೋಟೆಲಿಗೆ ನುಗ್ಗಿದೆವು. ರೊಟ್ಟಿ ತಣ್ಣಗೆ, ಚಕ್ಕೆ ಥರ. ರೊಟ್ಟಿ ಬಡಿಯುವ ಸದ್ದು ಕೇಳಿ ಅಂತ ಹೇಳಿದ್ದರಲ್ಲ, ಅದನ್ನು ಮರೆತಿದ್ದೆ. ಮಿಕ್ಕ ಎರಡು ದಿನ ಸದ್ದು ಕೇಳಿಯೇ ಒಳಗೆ ಹೋದೆ. ಸಂಜೆ ದುರ್ಗದಬೈಲಿನಲ್ಲಿ ಅಮ್ಮ ಮಿರ್ಚಿ ಬೇಡ ಬೇಡ ಅಂದವರು ನನ್ನ ತಟ್ಟೆಯಿಂದ ಅರ್ಧ ಮುರಿದುಕೊಂಡರು, ಆಮೇಲೆ ಇನ್ನರ್ಧ.

ಶನಿವಾರ ಸಾಧನಕೇರಿ. ನೀವು ಹೇಳಿದ ಹಾಗೇ ಜಿಟಿಜಿಟಿ ಮಳೆ. ಅಮ್ಮ ಮನೆಯ ಮುಂದೆ ಚಪ್ಪಲಿ ಬಿಟ್ಟು, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತರು. ಕೈ ಮುಗಿಯಲಿಲ್ಲ, ಮಾತಾಡಲಿಲ್ಲ, ಸುಮ್ಮನೆ ನಿಂತಿದ್ದರು. ಆಮೇಲೆ ಕೆರೆ ದಂಡೆಗೆ ಬಂದು ಮಗನಿಗೆ ಒಂದು ಪದ್ಯ ಹೇಳಿಕೊಡಲು ಶುರು ಮಾಡಿದರು. ಕೊಡೆ ಹಿಡಿದು ನಡೆಯುತ್ತಿದ್ದ ಒಬ್ಬ ಹಿರಿಯರು ನಿಂತು ಕೇಳಿ, ಮುಂದಿನ ಸಾಲನ್ನು ತಾವೇ ಹೇಳಿದರು. ಇಬ್ಬರೂ ಪದ್ಯ ಪೂರ್ತಿ ಮುಗಿಸಿದರು. ಹೆಸರು ಕೂಡ ಕೇಳಲಿಲ್ಲ, "ಬರ್ತೀನ್ರಿ ಅಕ್ಕೋರ" ಅಂತ ಹೊರಟುಹೋದರು. ಅಲ್ಲಿ ಒಂದು ಗಂಟೆ ಅಲ್ಲ, ಎರಡೂವರೆ ಗಂಟೆ ಕೂತೆವು. ಹಾಗಾಗಿ ಮನ್ಸೂರರ ಮನೆ ಹೋಗಲಾಗಲಿಲ್ಲ, ಬೆಂಗೇರಿಯೂ ತಪ್ಪಿತು. ಅದು ಬೇಸರ ಇದೆ. ಪೇಡೆಗೆ ಸಾಲಿನಲ್ಲಿ ನಿಂತೆ, ಮೊದಲನೆಯದನ್ನು ಅಲ್ಲೇ ತಿಂದೆ, ಸಾಧನಕೇರಿ ಅಕ್ಕನ ಮಾತು ನಿಜ. ಮಿಶ್ರಾ ಪೇಡೆಯನ್ನೂ ಒಂದು ಡಬ್ಬಿ ತಂದಿದ್ದೇನೆ, ಆಫೀಸಿಗೆ.

ಭಾನುವಾರ ಗದಗ. ಕುಮಾರವ್ಯಾಸನ ಕಂಬಕ್ಕೆ ಒರಗಿ ಮಗನ ಫೋಟೋ ತೆಗೆದೆ. ಲಕ್ಕುಂಡಿಯಲ್ಲಿ ಎರಡೇ ಗುಡಿ ಆಯಿತು, ಅತ್ತಿಮಬ್ಬೆಯ ಬಸದಿಯಲ್ಲೇ ಮಧ್ಯಾಹ್ನ ಕಳೆಯಿತು. ಬಾವಿಯನ್ನು ಮೇಲಿನಿಂದಲೇ ನೋಡಿ ಬಂದೆವು.

ಈಗ ಅಮ್ಮನದ್ದು ಒಂದೇ ಪ್ರಶ್ನೆ. ಖಾನಾವಳಿಯ ಅಗಸಿ ಚಟ್ನಿ ಹೇಗೆ ಮಾಡುವುದು? ಅಗಸಿ ತಂದಿದ್ದೇವೆ, ಬ್ಯಾಡಗಿಯೂ ಇದೆ.

ರೊಟ್ಟಿ ಬಡಿಯುವವಳು:
ಅಕ್ಕೋರಿಗೆ ಹೇಳಿ, ಸುಲಭ ಇದೆ. ಒಂದು ಬಟ್ಟಲು ಅಗಸಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಚಟಪಟ ಅನ್ನತೊಡಗಿ, ಆ ಸದ್ದು ಕಡಿಮೆಯಾದ ಕೂಡಲೇ ಇಳಿಸಿ. ಕಪ್ಪಾದರೆ ಕಹಿ. ಏಳೆಂಟು ಬ್ಯಾಡಗಿ, ಒಂದು ಚಮಚ ಜೀರಿಗೆ, ಕರಿಬೇವು ಬೇರೆ ಬೇರೆ ಹುರಿದುಕೊಳ್ಳಿ. ಎಲ್ಲ ಪೂರ್ತಿ ಆರಬೇಕು. ಉಪ್ಪು, ನೆಲ್ಲಿಕಾಯಿಗಿಂತ ಸಣ್ಣ ಹುಣಸೆಹಣ್ಣು, ಚೂರು ಬೆಲ್ಲ, ಸಿಪ್ಪೆ ಸಮೇತ ಎಂಟು ಎಸಳು ಬೆಳ್ಳುಳ್ಳಿ. ಬೆಳ್ಳುಳ್ಳಿ ಕೊನೆಗೆ ಹಾಕಿ ಒಂದೇ ಸುತ್ತು ತಿರುಗಿಸಿ, ಜಾಸ್ತಿ ತಿರುಗಿಸಿದರೆ ಅಗಸಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತರಿತರಿ ಇರಲಿ. ಗಾಜಿನ ಭರಣಿಯಲ್ಲಿ ಹಾಕಿಡಿ, 15 ದಿನದೊಳಗೆ ಮುಗಿಸಿ. ಊಟಕ್ಕೆ ಕೂತಾಗ ಮೇಲೆ ಒಂದು ಚಮಚ ಹಸಿ ಶೇಂಗಾ ಎಣ್ಣೆ.